ಶುಕ್ರವಾರ ಕೆಮ್ಮುತ್ತಿದ್ದ ಜೀಪು

ಸರಿಯಾಗಿ ಉರಿಯದ ಪೆಟ್ರೋಲಿನ ವಾಸನೆ ಮೂಗಿಗೆ ಬಡಿದರೆ ಸಾಕು, ಹೊಸೂರಿನ ಕಡೆಯ ತಳಿ ಎಂಬ ಊರಿನ ನಮ್ಮ ಹಳೇ ಮನೆಯ ಅಂಗಳ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಅಲ್ಲಿ ಈಗ ಯಾರದೋ ಗೋದಾಮು ಎದ್ದಿದೆ. ಆಗ ಸೇವಂತಿಗೆಯ ರಾಶಿ, ನೆನೆದ ಗೋಣಿಚೀಲ, ಹೊಂಗೆ ಮರದ ಕೆಳಗೆ ಅಪ್ಪ ಯಾರಿಂದಲೋ ಕೊಂಡಿದ್ದ ಹಳೇ ಪೆಟ್ರೋಲ್ ಜೀಪು ಇರುತ್ತಿದ್ದವು. ಅಪ್ಪ ತೀರಿಹೋದ ಮೇಲೆ ಜೀಪನ್ನು ಅವ್ವ ಓಡಿಸಿದಳು. ಸುತ್ತಲ ತೋಟಗಳ ಹೂವನ್ನು ಬೆಳಬೆಳಗ್ಗೆ ಹೊಸೂರಿನ ಮಾರುಕಟ್ಟೆಗೆ ಮುಟ್ಟಿಸುತ್ತಿದ್ದಳು. ಸೆರಗು ಸೊಂಟಕ್ಕೆ ಬಿಗಿದು ಗೇರು ಬದಲಿಸುವ ಹೆಂಗಸನ್ನು ಕಂಡು ಬಸ್ಸಿನವರು ಬಾಯಿ ಬಿಡುತ್ತಿದ್ದರು. ಬಿಟ್ಟುಕೊಂಡೇ ಇರಲಿ ಅನ್ನುತ್ತಿದ್ದಳು ಅವ್ವ.

ದೊಡ್ಡಪ್ಪನಿಗೆ ಮಾತ್ರ ಇದು ಸಹಿಸಲಾಗದ ವಿಷಯ. ಅಷ್ಟರಲ್ಲಿ ಜೀಪು ಕೆಮ್ಮಲು ಶುರುಮಾಡಿತು. ಏರು ಬಂತೆಂದರೆ ಎಳೆಯುವುದು ಬಿಟ್ಟು ಗಡಗಡ ನಡುಗುತ್ತಿತ್ತು. ಡೆಂಕಣಿಕೋಟೆಯ ರಿಪೇರಿ ಶೆಡ್ಡು ಮುಟ್ಟುವಷ್ಟರಲ್ಲಿ ಏನೂ ಆಗಿಲ್ಲದ ಹಾಗೆ ಓಡುತ್ತಿತ್ತು. ಮೆಕ್ಯಾನಿಕ್ ಕಾರ್ಬ್ಯುರೇಟರ್ ತೊಳೆದ, ಪೆಟ್ರೋಲ್ ಸೋಸಿದ, ಕೊನೆಗೆ ಎಂಜಿನ್ನಿಗೆ ವಯಸ್ಸಾಯಿತು ಎಂದು ಕೈಚೆಲ್ಲಿದ. ದೊಡ್ಡಪ್ಪನಿಗೆ ಅಷ್ಟೇ ಬೇಕಾಗಿತ್ತು. “ಭಾನ್ವಾರ ಜೂಜುವಾಡಿಯಿಂದ ಗುಜರಿಯೋನು ಬತ್ತಾನೆ. ಮಾರ್ಬುಟ್ಟು ಮನೇಲಿರಮ್ಮ,” ಅಂದ. ಜೀಪು ಹೋದರೆ ಅವ್ವನಿಗೆ ಉಳಿಯುವುದು ಅಡುಗೆಮನೆಯೊಂದೇ ಎಂದು ನನಗೂ ಗೊತ್ತಿತ್ತು.

ಅವ್ವ ಅಳುತ್ತ ಕೂರಲಿಲ್ಲ. ಈ ಕೆಮ್ಮು ಶುಕ್ರವಾರವೇ ಏಕೆ ಬರುತ್ತದೆ ಎಂಬುದು ಅವಳ ತಲೆ ಕೊರೆಯುತ್ತಿತ್ತು. ಶುಕ್ರವಾರವೆಂದರೆ ಅಜ್ಜಿಯ ಪೂಜೆ. ಬಾನೆಟ್ ಎತ್ತಿಸಿ, ಎಂಜಿನ್ನಿಗೆ ಅರಿಸಿನದ ನೀರು ಚಿಮುಕಿಸಿ, ಕುಂಕುಮವಿಟ್ಟ ಮೇಲೆಯೇ ಗಾಡಿ ಹೊರಡಬೇಕು. ಅಪ್ಪ ಹೋದ ಮೇಲೆ ಅಜ್ಜಿ ಭಯಕ್ಕೆ ಬಿದ್ದು ಚೊಂಬುಗಟ್ಟಲೆ ಸುರಿಯುತ್ತಿದ್ದಳು. ಆ ಶುಕ್ರವಾರ ಪೂಜೆ ಮುಗಿದ ಕೂಡಲೇ ಅವ್ವ ಎಂಜಿನ್ ಶುರುಮಾಡಿ, ಅಪ್ಪ ಮಾಡುತ್ತಿದ್ದಂತೆ, ಶಾಕ್ ಹೊಡೆಯದ ಹಾಗೆ ಒಣ ಮರದ ತುಂಡುಗಳಲ್ಲಿ ಹಿಡಿದು ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತು ಸಿಕ್ಕಿಸಿದಳು. ಮೊದಲನೆಯದು ಕಿತ್ತಾಗ ಎಂಜಿನ್ ಇನ್ನಷ್ಟು ಮುಗ್ಗರಿಸಿತು, ಎರಡನೆಯದಕ್ಕೂ ಹಾಗೇ. ಮೂರನೆಯದು ಕಿತ್ತರೆ ಸದ್ದು ಬದಲಾಗಲೇ ಇಲ್ಲ, ಅದು ಮೊದಲೇ ಕೆಲಸ ಬಿಟ್ಟಿತ್ತು. ಪಕ್ಕದ ಪ್ಲಗ್ಗು ತಂದು ಅಲ್ಲಿ ಹಾಕಿದರೂ ಅದೇ ಕಥೆ, ಅಂದರೆ ತಪ್ಪು ಪ್ಲಗ್ಗಿನದಲ್ಲ. ವೈರು ಬಗ್ಗಿಸಿ ನೋಡಿದಳು. ಬಿರುಕಿನೊಳಗೆ ಹಳದಿ ತೇವ! ಕಿಡಿ ಪ್ಲಗ್ಗಿಗೆ ಹೋಗದೆ ಅಲ್ಲೇ ಸೋರಿಹೋಗುತ್ತಿತ್ತು. ದಾರಿಯ ಕಾವಿಗೆ ಒಣಗಿದ ಮೇಲೆ ಶೆಡ್ಡಿನವನಿಗೆ ಸಿಗುವುದೇನು, ಮಣ್ಣು?

“ಚಕ್ರಕ್ಕೆ ಎಷ್ಟಾದ್ರೂ ಹಾಕಿ ಅತ್ತೆ, ಎಂಜಿನ್ ಮ್ಯಾಕೆ ಬ್ಯಾಡ,” ಅಂದಳು ಅವ್ವ.

“ಅವನಂತೂ ಹೋದ, ನೀನಾದ್ರೂ ಸುಖವಾಗಿ ಬರ್ಲಿ ಅಂತ ಕಣವ್ವಾ,” ಎಂದು ಅಜ್ಜಿ ಅತ್ತುಬಿಟ್ಟಳು.

ಭಾನುವಾರ ಗುಜರಿಯವನ ಎದುರಿಗೇ, ಹೊಸ ವೈರು ಹಾಕಿದ ಜೀಪನ್ನು ಅವ್ವ ಶುರುಮಾಡಿದಳು. ನಡುಕವಿಲ್ಲ, ಕೆಮ್ಮಿಲ್ಲ. “ಮಾರಲ್ಲ ಭಾವ. ನಿಮ್ಮ ತಮ್ಮ ಹೋದ್ರು, ನಾನಿನ್ನೂ ಇವ್ನಿ,” ಅಂದಳು. ದೊಡ್ಡಪ್ಪ ಎಷ್ಟೋ ದಿನ ಮಾತು ಬಿಟ್ಟ. ಅವ್ವ ಎಷ್ಟೋ ವರ್ಷ ಹೂವು ಸಾಗಿಸಿದಳು.

ಈಗ ಅಜ್ಜಿಯಿಲ್ಲ, ಜೀಪಿಲ್ಲ, ಹೋದ ವರ್ಷ ಅವ್ವನೂ ಹೋದಳು. ನಿಮ್ಮವರನ್ನು ಕಳೆದುಕೊಂಡಿದ್ದರೆ ನಿಮಗೂ ಗೊತ್ತಿರುತ್ತದೆ, ಸತ್ತವರನ್ನು ಜನ ಬಲು ಬೇಗ ಸಾಧುಗಳನ್ನಾಗಿ ಮಾಡಿಬಿಡುತ್ತಾರೆ. ಅವ್ವನ ತಿಥಿಯ ಊಟಕ್ಕೆ ಕೂತ ದೊಡ್ಡಪ್ಪ, ಮುಪ್ಪಿನಲ್ಲಿ ಮೆತ್ತಗಾಗಿ, “ಪಾಪದ ಹೆಂಗ್ಸು. ಒಂದಿನ ಎದುರು ಮಾತಾಡ್ದೋಳಲ್ಲ,” ಅಂದ. ಹೊಗಳುತ್ತಿದ್ದಾನೆ ಎಂದು ಗೊತ್ತಿದ್ದೂ ನನಗೆ ತಡೆಯಲಾಗಲಿಲ್ಲ. ಸಾರಿನ ಸೌಟು ಕೆಳಗಿಟ್ಟು ಹೇಳಿಯೇಬಿಟ್ಟೆ:

“ಆಡಿದ್ಲು ದೊಡ್ಡಪ್ಪ. ನಿಮ್ಗೇ ಆಡಿದ್ಲು. ನಾನು ಪಕ್ಕದಲ್ಲೇ ನಿಂತಿದ್ದೆ.”