ಸೆನ್ಯೋರಾ ನನಗಿಟ್ಟ ಬೇರೆ ಸೌಟು

ಫೆಬ್ರುವರಿ ೮, ಭಾನುವಾರ. ಬೆಳಿಗ್ಗೆ ಹತ್ತೂಕಾಲಿಗೆ ಬರೆಯಲು ಕುಳಿತೆ.

ಸೆನ್ಯೋರಾರ ಬಲಗೈ ಹೆಬ್ಬೆರಳು ಸದಾ ಕೆಂಪಗಿರುತ್ತಿತ್ತು. ಒಣಮೆಣಸಿನಕಾಯಿಯನ್ನು ಕಾದ ಹೆಂಚಿನ ಮೇಲೆ ಬೆರಳಿನಿಂದಲೇ ಒತ್ತಿ ಹುರಿಯುವರು. ಎಷ್ಟು ನಿಂಬೆಹಣ್ಣು ತಿಕ್ಕಿದರೂ ಆ ಬಣ್ಣ ಬಿಡುತ್ತಿರಲಿಲ್ಲ.

ಕಳೆದ ವಸಂತದಲ್ಲಿ, ಸೆಮಿಸ್ಟರ್ ರಜೆಗೆ, ಸ್ಪ್ಯಾನಿಷ್ ಕಲಿಯಲು ಮೆಕ್ಸಿಕೋದ ಪ್ವೆಬ್ಲಾ ನಗರಕ್ಕೆ ಹೋದಾಗ ನಾವು ಉಳಿದದ್ದು ಅವರ ಮನೆಯಲ್ಲಿ. ನಾವೆಂದರೆ ನಾನು ಮತ್ತು ಇಲ್ಲಿ ಜರ್ಮನಿಯ ಕಾರ್ಲ್ಸ್‌ರುಹೆಯಲ್ಲಿ ನನ್ನ ಜೊತೆಗೇ ಇರುವ ಮಂಗಳೂರಿನ ಗೆಳತಿ. ಮನೆಯೊಡತಿಯನ್ನು ಸೆನ್ಯೋರಾ ಎನ್ನುತ್ತಿದ್ದೆವು.

ತರಗತಿಯಲ್ಲಿ ಹೆಚ್ಚು ಅಂಕ ನನಗೇ. ಗೆಳತಿ ಅರ್ಧ ಸ್ಪ್ಯಾನಿಷಿಗೆ ಅರ್ಧ ಕೈಸನ್ನೆ ಸೇರಿಸಿ ಮಾತಾಡುವಳು. ಆದರೂ ಸೆನ್ಯೋರಾ ಅವಳನ್ನು ‘ಮಿಹಾ’ ಎಂದು ಕರೆಯುತ್ತಿದ್ದರು, ಅಂದರೆ ಮಗಳೇ. ನನ್ನನ್ನು ‘ಸೆನ್ಯೊರಿತಾ’ ಎಂದು, ಬ್ಯಾಂಕಿನವರು ಕರೆದ ಹಾಗೆ. ಡೈರಿಯ ಅಂಚಿನಲ್ಲಿ ಒಂದೊಂದು ಮಿಹಾಕ್ಕೂ ಒಂದೊಂದು ಗೆರೆ ಎಳೆಯುತ್ತಿದ್ದೆ. ನನ್ನ ಕಡೆ ಒಂದೂ ಬೀಳಲಿಲ್ಲ. ಸಂಜೆ ಅಡುಗೆಮನೆಯಿಂದ ಅವರಿಬ್ಬರ ನಗು ಕೇಳುವುದು. ನಾನು ಹೋದರೆ ಸೆನ್ಯೋರಾ ಬಾಗಿಲಲ್ಲೇ ತಡೆದು, “ಹೋಗು, ಓದಿಕೋ” ಎನ್ನುವರು.

ಒಂದು ಭಾನುವಾರ ಅವರ ಮಕ್ಕಳು ಮೊಮ್ಮಕ್ಕಳೆಲ್ಲ ಊಟಕ್ಕೆ ಬಂದಿದ್ದರು. ಅಂಗಳದ ಜಕರಾಂಡ ಮರ ಮೇಜಿನ ಮೇಲೆಲ್ಲ ನೇರಳೆ ಹೂ ಉದುರಿಸಿತ್ತು. ಎಲ್ಲರಿಗೂ ದೊಡ್ಡ ಮಣ್ಣಿನ ಮಡಕೆಯಿಂದ ಕಾಳಿನ ಪಲ್ಯ ಬಡಿಸಿದರು. ನನಗೆ ಮಾತ್ರ ಒಳಗಿನಿಂದ ಒಂದು ಸಣ್ಣ ಪಾತ್ರೆ ಬಂತು, ಬೇರೆ ತಟ್ಟೆ, ಬೇರೆ ಸೌಟು. ಮೈಸೂರಿನ ನಮ್ಮ ಅಜ್ಜಿಯ ಮನೆಯ ಹಿತ್ತಿಲಲ್ಲಿ ಕೆಲಸದವರಿಗೆಂದು ಒಂದು ಲೋಟ ಬೇರೆ ಇರುತ್ತಿತ್ತು. ಬೇರೆ ಪಾತ್ರೆಯ ಅರ್ಥ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ತಲೆನೋವೆಂದು ಹೇಳಿ ಎದ್ದು ಕೋಣೆಗೆ ಹೋದೆ.

ಗೆಳತಿ ಹಿಂದೆಯೇ ಬಂದಳು.

“ಎಂತ ಮಾರಾಯ್ತಿ, ಊಟ ಬಿಟ್ಟು ಎದ್ದದ್ದು?”

“ನಂಗೊಬ್ಬಳಿಗೇ ಬೇರೆ ಪಾತ್ರೆ ಇಟ್ರೆ ಕೂತು ತಿನ್ಬೇಕಾ? ನೀನು ಹೋಗು, ನೀನು ಮಗಳಲ್ವಾ.”

“ನಿಂಗೆ ತಲೆ ಸಮ ಉಂಟಾ? ದೊಡ್ಡ ಮಡಕೆಗೆ ಹಂದಿ ಕೊಬ್ಬು ಹಾಕ್ತಾರೆ. ಮಾಂಸ ಗೀಂಸ ಏನೂ ಆಗುದಿಲ್ಲ ಅಂತ ಬಂದ ದಿನವೇ ಹೇಳಿದವಳು ನೀನಲ್ವಾ? ಅವತ್ತಿಂದ ನಿಂಗೆ ಎಣ್ಣೆಯಲ್ಲಿ ಬೇರೆ ಮಾಡ್ತಾ ಇದ್ದಾರೆ. ಮಾಂಸ ಬೇಯುವಾಗ ನೀನು ನೋಡ್ಬಾರ್ದು ಅಂತ ಬಾಗಿಲಲ್ಲೇ ತಡೀತಾರೆ. ನಿನ್ನ ಸೌಟು ಮುಟ್ಟಿದ್ದಕ್ಕೆ ನನ್ನ ಕೈಗೆ ಪಟ್ಟಂತ ಒಂದು ಕೊಟ್ರು, ಗೊತ್ತುಂಟಾ?”

ಆಮೇಲೆ ಬೇರೆಲ್ಲೋ ನೋಡುತ್ತ ಹೇಳಿದಳು: “ನಂಗೆ ಅಂತ ಬೇರೆ ಒಲೆ ಹಚ್ಚಿದವರು ಯಾರೂ ಇಲ್ಲ.”

ಅವಳಿಗೂ ಹೊಟ್ಟೆಕಿಚ್ಚಿತ್ತು. ನಿಜ ಹೇಳಬೇಕೆಂದರೆ, ಅದನ್ನು ಕಂಡು ನನಗೆ ಖುಷಿಯಾಯಿತು.

ಮರುದಿನ ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಸೆನ್ಯೋರಾ ತಿರುಗಿಯೂ ನೋಡದೆ, “ನಿನ್ನೆ ಹಸಿದು ಮಲಗಿದೆಯಲ್ಲ, ವ್ಯಾಕರಣ ತಲೆಗೆ ಹತ್ತಿತೇ?” ಎಂದರು. ಚಾಕು ಕೈಗಿಟ್ಟು ಟೊಮೇಟೊ ತೋರಿಸಿದರು. ಆಮೇಲೆ ದಿನವೂ ಹೆಚ್ಚಿಕೊಟ್ಟೆ. ಮಾಂಸ ಬೇಯಿಸುವ ಹೊತ್ತಿಗೆ ಮಾತ್ರ ಭುಜ ಹಿಡಿದು ಹೊರಗೆ ಕಳಿಸುವರು. ಹೊರಡುವ ದಿನದವರೆಗೂ ನಾನು ಸೆನ್ಯೊರಿತಾ ಆಗಿಯೇ ಉಳಿದೆ.

ಮೊನ್ನೆ ಶುಕ್ರವಾರ ನಾವಿಬ್ಬರೂ ಟ್ರಾಮಿಗೆ ಕಾಯುತ್ತಿದ್ದಾಗ ಸೆನ್ಯೋರಾರ ಮಗಳ ಸಂದೇಶ ಬಂತು. ಸೆನ್ಯೋರಾ ನಿದ್ದೆಯಲ್ಲೇ ತೀರಿಹೋದರಂತೆ. ಗೆಳತಿ ಅಳುತ್ತ ನನ್ನನ್ನು ತಬ್ಬಿಕೊಂಡಳು, ನಾನೂ ಅತ್ತೆ. ಆದರೆ ಸುದ್ದಿ ಬಂದದ್ದು ಅವಳ ಫೋನಿಗೆ. ನನ್ನ ನಂಬರೂ ಅವರಲ್ಲಿತ್ತು.

ನಮ್ಮ ನಂತರವೂ ಇಲ್ಲಿಂದ ಕನ್ನಡಿಗ ವಿದ್ಯಾರ್ಥಿಗಳು ಆ ಮನೆಗೆ ಹೋಗಿದ್ದಾರೆಂದು ಕೇಳಿದ್ದೇನೆ. ಸೆನ್ಯೋರಾರ ಕೊನೆಯ ತಿಂಗಳುಗಳನ್ನು ಕಂಡವರು ಯಾರಾದರೂ ಇದನ್ನು ಓದಿದರೆ ದಯವಿಟ್ಟು ನನಗೆ ಬರೆಯಿರಿ. ಆರೋಗ್ಯ ಹೇಗಿತ್ತು, ಏನು ಮಾತಾಡುತ್ತಿದ್ದರು, ನಮ್ಮಿಬ್ಬರನ್ನು ನೆನೆದರೇ, ನೆನೆದಿದ್ದರೆ ಯಾರನ್ನು ಮೊದಲು. ಬಂದ ಉತ್ತರವನ್ನು ಗೆಳತಿಗೂ ತೋರಿಸುತ್ತೇನೆ, ನಾನು ಓದಿದ ಮೇಲೆ.