ಓದದೆ ಬಿಟ್ಟ ಹನ್ನೊಂದನೆಯ ನಿಯಮ

ಮಾಳವ್ವನಿಗೆ ನಾನು ಹನ್ನೊಂದನೆಯ ನಿಯಮವನ್ನು ಓದಿ ಹೇಳಲಿಲ್ಲ. ಮರೆತು ಅಲ್ಲ, ಅವಸರದಲ್ಲಿ ಅಲ್ಲ — ಬೇಕಂತಲೇ ಹಾಳೆ ತಿರುವಿದೆ. ಹನ್ನೆರಡು ವರ್ಷ ಈ ಮಾತನ್ನು ಯಾರ ಮುಂದೆಯೂ ಆಡಿರಲಿಲ್ಲ. ಹೆಂಡತಿ ಶಾಂತಾಳಿಗೆ ಅರ್ಧ ಗೊತ್ತಿದೆ. ಉಳಿದ ಅರ್ಧ — ಅದೇ ದೊಡ್ಡದು — ಇಲ್ಲಿ ಬರೆಯುತ್ತಿದ್ದೇನೆ.

ನಾನು ಗುರುಪಾದ. ಮರಾಠಿ ಸೀಮೆಗೆ ಸೇರಿದ ಗಡಿಯೂರು ಜತ್ತದ ಒಂದು ಧರ್ಮಾರ್ಥ ದವಾಖಾನೆಯ ಕಾರಕೂನ. ದವಾಖಾನೆಯನ್ನು ನಡೆಸಲು ಒಂಬತ್ತು ಜನರ ಮಂಡಳಿ ಇತ್ತು. ಹೊಸ ಮೆಂಬರರು ಬಂದಾಗಲೆಲ್ಲ ಅವರಿಗೆ ಎಲ್ಲವನ್ನೂ ತೋರಿಸಿ ತಿಳಿಹೇಳುವ ಕೆಲಸ ನನ್ನದು. ಮೊದಲು ಔಷಧದ ಕೋಣೆ, ಆಮೇಲೆ ಆಪರೇಷನ್ ಕೋಣೆ (ಬಾಗಿಲ ಹೊರಗಿನಿಂದ), ಆಮೇಲೆ ಹೆರಿಗೆ ವಾರ್ಡು. ಕೊನೆಗೆ ಆಫೀಸಿನಲ್ಲಿ ಚಹಾ, ಚುರುಮುರಿ, ಮತ್ತು ಮರಾಠಿಯಲ್ಲಿ ಅಚ್ಚಾದ ಒಂದು ತೆಳ್ಳನೆಯ ನಿಯಮಾವಳಿ. ಅದರಲ್ಲಿ ಇಪ್ಪತ್ತೆರಡು ನಿಯಮಗಳು. ಅವನ್ನು ನಾನು ಒಂದೊಂದಾಗಿ ಓದಬೇಕು, ಅವರು ಕೇಳಬೇಕು. ಐದನೆಯದಕ್ಕೆ ಬರುವಷ್ಟರಲ್ಲಿ ಎಂಥ ದೊಡ್ಡ ಮನುಷ್ಯನೂ ತೂಕಡಿಸುತ್ತಿದ್ದ. ಮೆಂಬರರು ಬರುತ್ತಾರೆ ಹೋಗುತ್ತಾರೆ, ಕಾರಕೂನ ಮಾತ್ರ ಇರುತ್ತಾನೆ ಎಂಬ ಸೊಕ್ಕು ನನಗೆ ಆಗ ಚೆನ್ನಾಗಿಯೇ ಇತ್ತು.

ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ಹಳ್ಳಿಯ ಹೆಣ್ಣುಮಗಳೊಬ್ಬಳು ಮಂಡಳಿಯಲ್ಲಿದ್ದರೆ ನೋಡಿದವರಿಗೆ ಚೆಂದ ಎಂದು ಚೇರಮನ್ನರಿಗೆ ಅನ್ನಿಸಿತು. ದರಿಬಡಚಿ ಎಂಬ ಹಳ್ಳಿಯವರು ಮಾಳವ್ವನ ಹೆಸರು ಕೊಟ್ಟರು. ಕುರಿ ಕಾಯುವ ಮನೆತನದವಳು, ಊರಿನ ಸೂಲಗಿತ್ತಿ. ಐವತ್ತರ ಆಸುಪಾಸು. ಹೆಗಲ ಮೇಲೆ ಕರಿಕಂಬಳಿ ಹಾಕಿಕೊಂಡು, ಚಪ್ಪಲಿಯನ್ನು ಗೇಟಿನ ಹೊರಗೇ ಬಿಟ್ಟು ಬಂದಳು. ನಾನು ಕುರ್ಚಿ ಎಳೆದು ಕೊಟ್ಟೆ. ಅವಳು ಕೂತಳು, ನಾನು ನಿಂತೆ. ಅಷ್ಟಕ್ಕೇ ನನ್ನೊಳಗೆ ಏನೋ ಚುರುಕ್ಕೆಂದಿತು ಎಂದರೆ ನಂಬುತ್ತೀರಾ? ಮರಾಠಿ ಏಳನೆಯ ಇಯತ್ತೆ ಪಾಸಾದವನು ನಾನು — ನಾನು ನಿಲ್ಲಬೇಕೇ, ಎಂದು.

ಅವಳಿಗೆ ಸಹಿ ಬರುತ್ತಿರಲಿಲ್ಲ. ಮೆಂಬರ್ ಹೆಬ್ಬೆಟ್ಟು ಒತ್ತಿದರೆ ಚೇರಮನ್ನರಿಗೆ ಸರಿಬರುವುದಿಲ್ಲವೆಂದು ಮೊದಲು ಅದನ್ನೇ ಕಲಿಸಿದೆ. ಕನ್ನಡದಲ್ಲಿ ಮಾ-ಳ-ವ್ವ, ಮೂರೇ ಅಕ್ಷರ. ವ-ದ ಒತ್ತಿಗೆ ಅವಳ ಕೈ ಒಪ್ಪುತ್ತಲೇ ಇರಲಿಲ್ಲ. "ಕೂಸಿನ ತಲಿ ಹಿಡಿಯೂ ಕೈಗೆ ಈ ಕಡ್ಡಿ ಸಿಗವಲ್ದಲ್ಲೋ ತಮ್ಮಾ," ಎಂದು ನಕ್ಕಳು. ನಾಲ್ಕು ದಿನದಲ್ಲಿ ಕಲಿತಳು. ನಾನು ಅವಳಿಗೆ ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ ಅದು.

ಐದನೆಯ ದಿನ ದವಾಖಾನೆ ತೋರಿಸಲು ಹೊರಟೆ. ಉಳಿದ ಮೆಂಬರರು ಗೋಡೆಯ ಸುಣ್ಣ ನೋಡುತ್ತಿದ್ದರು, ಇವಳು ಬಾಣಂತಿಯರ ಮುಖ ನೋಡಿದಳು. ಹೆರಿಗೆ ವಾರ್ಡಿನಲ್ಲಿ ಆರು ಮಂಚ. ಬೇನೆ ಶುರುವಾಗದ ಹೊರತು ಯಾರನ್ನೂ ಸೇರಿಸಿಕೊಳ್ಳುತ್ತಿರಲಿಲ್ಲ. ಹೊರಬರುವಾಗ ಗೇಟಿನ ಪಕ್ಕದ ಕೋಣೆಯ ಮುಂದೆ ಅವಳು ನಿಂತುಬಿಟ್ಟಳು.

"ಇದರಾಗ ಏನೈತಿ ತಮ್ಮಾ?"

ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಅದು ಶಾಂತಾ. ಆ ಕೋಣೆ ದವಾಖಾನೆಯದು, ಆದರೆ ಹಳೆಯ ಚೇರಮನ್ನರ ಕಾಲದಿಂದ ನಾನು ಅದರಲ್ಲಿ ಬಾಡಿಗೆಯಿಲ್ಲದೆ ಇದ್ದೆ. ಯಾರೂ ಕೊಟ್ಟಿರಲಿಲ್ಲ, ಯಾರೂ ಬಿಡಿಸಿರಲೂ ಇಲ್ಲ. ಮದುವೆಯಾಗಿ ಒಂದು ವರ್ಷ. ಜತ್ತದಲ್ಲಿ ಬೇರೆ ಮನೆ ಹುಡುಕುವ ತ್ರಾಣ — ಇಲ್ಲ, ನೆಪ ಬೇಡ. ಮನಸ್ಸಿರಲಿಲ್ಲ.

"ನಾನs ಇರ್ತೀನ್ರಿ," ಎಂದೆ.

ಅವಳು ಬಾಗಿಲಿಂದ ಕಿಟಕಿಯವರೆಗೆ ಕಣ್ಣಲ್ಲೇ ಅಳೆದಳು. "ನಮ್ಮ ಕಡಿ ಬಸರಿ ಹೆಂಗಸೂರು ದಿನಾ ತುಂಬಿದ್ದ ನೋಡಿ ಬಂಡಿ ಕಟ್ಟಿಕೊಂಡು ಬರ್ತಾರ. ಇನ್ನಾ ಹೊತ್ತಾಗಿಲ್ಲ, ನಾಳಿ ಬರ್ರಿ ಅಂತಾಳ ನರ್ಸಬಾಯಿ. ನಾಳಿತನಕ ಎಲ್ಲಿರಬೇಕು ಅವರು? ಆ ಬೇವಿನ ಗಿಡದ ಬುಡಕ್ಕ? ಇಂಥಾದೊಂದು ಖೋಲಿ ಇದ್ರ ನಾಕ ಮಂದಿ ಅಡ್ಡಾಗ್ತಾರ. ನಾ ಮೆಂಬರ ಆಗಿ ಬಂದಿದ್ದs ಇದರ ಸಲುವಾಗಿ."

ಆಫೀಸಿಗೆ ಬಂದು ನಿಯಮಾವಳಿ ತೆಗೆದೆ. ಒಂದೊಂದು ನಿಯಮವನ್ನೂ ಕನ್ನಡದಲ್ಲಿ ಬಿಡಿಸಿ ಹೇಳುತ್ತ ಹೋದೆ. ಅವಳು ತೂಕಡಿಸಲಿಲ್ಲ. ಗಲ್ಲಕ್ಕೆ ಕೈಕೊಟ್ಟು, ಪುರಾಣ ಕೇಳುವವರಂತೆ ಕೇಳಿದಳು. ಹತ್ತನೆಯದು ಮುಗಿಯಿತು. ಹನ್ನೊಂದನೆಯದು ಹೀಗಿತ್ತು: ಸಭೆಗೆ ಎಂಟು ದಿನ ಮೊದಲು ಯಾವ ಸದಸ್ಯರು ಒಂದು ವಿಷಯವನ್ನು ಬರೆದು ಕೊಟ್ಟರೂ ಅದನ್ನು ವಿಷಯಪತ್ರಿಕೆಯಲ್ಲಿ ಸೇರಿಸಲೇಬೇಕು, ಸಭೆ ಅದನ್ನು ಚರ್ಚಿಸಿ ನಿರ್ಣಯ ಮಾಡಲೇಬೇಕು.

ಕಣ್ಣು ಆ ಸಾಲಿನ ಮೇಲೆ ಹರಿಯಿತು. ನಾಲಿಗೆ ಹೊರಳಲಿಲ್ಲ. ಹಾಳೆ ತಿರುವಿ ಹನ್ನೆರಡನೆಯದನ್ನು ಓದಿದೆ.

"ಹಂಗಾದ್ರ ನನ್ನ ಕೆಲಸ ಏನು?" ಎಂದಳು ಕೊನೆಗೆ.

"ಮೀಟಿಂಗಿಗೆ ಬರೂದು, ಸಹಿ ಮಾಡೂದು, ಎಲ್ಲಾರೂ ಕೈ ಎತ್ತಿದಾಗ ಕೈ ಎತ್ತೂದು, ಅಷ್ಟರಿ ಅವ್ವಾರ."

ಮೊದಲ ಸಭೆಯಲ್ಲಿ ಎಲ್ಲ ಮುಗಿದ ಮೇಲೆ ಅವಳು ಎದ್ದು ನಿಂತು ಬಸುರಿಯರ ಕೋಣೆಯ ಮಾತೆತ್ತಿದಳು. ಚೇರಮನ್ನರು ಕೆಟ್ಟವರಲ್ಲ, ಗಡಿಬಿಡಿಯವರು. "ಬಾಯೀ, ಹಾ ವಿಷಯ ಪತ್ರಿಕೇವರ ನಾಹೀ," ಎಂದರು — ವಿಷಯಪತ್ರಿಕೆಯಲ್ಲಿ ಇಲ್ಲದ್ದನ್ನು ಮಾತಾಡುವಂತಿಲ್ಲ. ಎರಡನೆಯ ಸಭೆಯಲ್ಲೂ ಅದೇ ಮಾತು, ಅದೇ ಉತ್ತರ. ಯಾರೋ ಒಬ್ಬರು ನಕ್ಕರು. ಮಾಳವ್ವ ಹೊರಗೆ ಕಟ್ಟೆಯ ಮೇಲೆ ನನಗಾಗಿ ಕಾದು ಕೂತಿದ್ದಳು.

"ತಮ್ಮಾ, ಆ ಪತ್ರಿಕ್ಯಾಗ ನಮ್ಮ ಮಾತ ಬರಬೇಕಂದ್ರ ಏನ್ ಮಾಡಬೇಕೋ?"

ಕೇಳಿಯೇ ಬಿಟ್ಟಿದ್ದಳು. ಇನ್ನು ಹಾಳೆ ತಿರುವಿ ಪಾರಾಗುವ ಹಾಗಿರಲಿಲ್ಲ, ಸುಳ್ಳನ್ನೇ ಹೇಳಬೇಕಾಗಿತ್ತು.

"ಅದು ಮ್ಯಾಲಿಂದ ಬರ್ತೈತ್ರಿ ಅವ್ವಾರ. ನಮ್ಮ ಕೈಯಾಗಿಲ್ಲ."

ವಿಷಯಪತ್ರಿಕೆಯನ್ನು ಬರೆಯುತ್ತಿದ್ದವನು ನಾನು. ನನ್ನ ಮೇಜಿನ ಮೇಲೆ, ನನ್ನ ಕೈಯಿಂದ, ಪ್ರತಿಸಲವೂ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ — ಆ ಪೂಜಾರಿಯನ್ನು ನೋಡಬೇಕಿದ್ದರೆ ಅವತ್ತು ಆ ಕಟ್ಟೆಯ ಹತ್ತಿರ ಬಂದು ನನ್ನನ್ನು ನೋಡಬೇಕಿತ್ತು. ಮಾಳವ್ವ ತಲೆಯಾಡಿಸಿದಳು. "ಮ್ಯಾಲಿನವರಿಗೆ ಯಾವಾಗ ತಿಳೀತೈತೋ," ಎಂದು ಕಂಬಳಿ ಝಾಡಿಸಿಕೊಂಡು ಬಸ್ಸಿಗೆ ಹೋದಳು.

ಮೂರನೆಯ ಸಭೆಗೆ ಇನ್ನೂ ಹದಿನೈದು ದಿನವಿತ್ತು. ಒಂದು ದಿನ ಬೆಳಿಗ್ಗೆ ದರಿಬಡಚಿಯಿಂದ ಒಂದು ಬಂಡಿ ಬಂತು. ಚೊಚ್ಚಲ ಬಸುರಿ ನಿಂಗವ್ವ, ಜೊತೆಗೆ ಅವಳ ತಾಯಿ. ಬಂಡಿ ಹೊಡೆಯುತ್ತಿದ್ದವನು ಗಂಡ. ನರ್ಸಬಾಯಿ ನೋಡಿ, ಇನ್ನೂ ಹೊತ್ತಿದೆ, ನಾಳೆ ಬನ್ನಿ ಎಂದಳು. ಅವರು ಬೇವಿನ ಗಿಡದ ಕೆಳಗೆ ಬಂಡಿ ಬಿಚ್ಚಿದರು. ಮಧ್ಯಾಹ್ನ ಮೋಡ ಕಟ್ಟಿ, ಹನಿ ದಪ್ಪಗೆ ಬೀಳತೊಡಗಿದವು.

ನಾನು ಊಟಕ್ಕೆ ಕೋಣೆಗೆ ಬಂದಿದ್ದೆ. ಶಾಂತಾ ಏಳು ತಿಂಗಳ ಬಸುರಿ. ಕಿಟಕಿಯಲ್ಲಿ ನಿಂತು, "ಆಕಿ ನೆನ್ಯಾಕತ್ಯಾಳ್ರಿ. ಒಳಗ ಕರೀರಿ, ಒಂದ ಮೂಲಿಗೆ ಕುಂದರ್ತಾಳ," ಎಂದಳು.

"ಇವತ್ತ ಒಬ್ಬಾಕಿನ ಕರದರ ನಾಳಿ ಊರs ಬರ್ತೈತಿ," ಎಂದೆ ನಾನು. ಬಾಯಲ್ಲಿ ರೊಟ್ಟಿಯ ತುತ್ತಿತ್ತು.

ಹೆದರಿಕೆ ಏನಿತ್ತೆಂದರೆ — ಒಬ್ಬಳು ಬಸುರಿ ಆ ಕೋಣೆಯಲ್ಲಿ ಒಂದು ದಿನ ಮಲಗಿದರೆ, ಇದು ಆಗುವ ಕೆಲಸ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಅವರು ಸ್ವಲ್ಪ ಹೊತ್ತು ಕಾದರು. ಆಮೇಲೆ ಪೇಟೆಯ ಕಡೆ ಎಲ್ಲಾದರೂ ಮಾಡು ಸಿಕ್ಕೀತೆಂದು ಬಂಡಿ ಹೂಡಿಕೊಂಡು ಹೋದರು. ನಾನು ಕಿಟಕಿಯಿಂದ ನೋಡಿದೆ. ನಿಂಗವ್ವ ತಲೆಯ ಮೇಲೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡಿದ್ದಳು.

ದಾರಿಯಲ್ಲೇ ಬೇನೆ ಬಂತು. ಕೆಸರಿನಲ್ಲಿ ಬಂಡಿ ತಿರುಗಿಸಿ ತರುವಷ್ಟರಲ್ಲಿ ಬಂಡಿಯಲ್ಲೇ ಹೆರಿಗೆಯಾಗಿತ್ತು. ಗಂಡುಕೂಸು. ಅಳಲಿಲ್ಲ. ನಿಂಗವ್ವ ಎಂಟು ದಿನ ವಾರ್ಡಿನಲ್ಲಿದ್ದು ಬದುಕಿಕೊಂಡಳು. ಎರಡು ತಿಂಗಳ ಮೇಲೆ ಶಾಂತಾ ನನ್ನ ಕೈ ಹಿಡಿದುಕೊಂಡು ಅದೇ ಕೋಣೆಯಿಂದ ಹೆರಿಗೆ ವಾರ್ಡಿಗೆ ನಡೆದುಹೋದಳು. ಮೂವತ್ತು ಹೆಜ್ಜೆ. ಮಗಳು ಹುಟ್ಟಿದಳು. ಅವಳು ಜೋರಾಗಿ ಅತ್ತಳು, ಮತ್ತು ನನಗೆ ಆ ಅಳು ಕೇಳಿ ಸಂತೋಷವೇ ಆಯಿತು. ಅದನ್ನೂ ಮುಚ್ಚಿಡುವುದಿಲ್ಲ.

ಮೂರನೆಯ ಸಭೆಗೆ ಮಾಳವ್ವ ಬಂದಳು. ಬಾಯಿ ತೆರೆಯಲಿಲ್ಲ. ಎಲ್ಲರೂ ಹೋದ ಮೇಲೆ ನನ್ನ ಮೇಜಿನ ಮುಂದೆ ಕೂತು, "ಒಂದ ರಾಜೀನಾಮಾ ಬರಿ ತಮ್ಮಾ," ಎಂದಳು.

"ಯಾಕ್ರಿ ಅವ್ವಾರ?"

"ಊರಾಗ ಕೇಳ್ತಾರ, ಮೆಂಬರ ಆಗಿ ಏನ್ ಮಾಡಿದಿ ಅಂತ. ಖರೇನs ಐತಿ. ನನಗ ನಾಕ ಮಂದ್ಯಾಗ ಮಾತಾಡಾಕ ಬರಂಗಿಲ್ಲ. ಬರ್ತಿದ್ರ ಆ ಕೂಸ ಉಳೀತಿತ್ತು. ಮಾತ ಬರೋರ್ನ ತಗೋರಿ."

ಆಗಲಾದರೂ ಹೇಳಬಹುದಿತ್ತು. ನಿಯಮಾವಳಿ ನನ್ನ ಮೊಣಕೈಯ ಹತ್ತಿರವೇ ಬಿದ್ದಿತ್ತು... ನಾನು ಬರೆದೆ. ಅವಳು ನಾನು ಕಲಿಸಿದ ಮೂರಕ್ಷರ ಬರೆದಳು, ವ-ದ ಒತ್ತು ಈ ಸಲ ಸರಿಯಾಗಿ ಬಿತ್ತು. ಹೋಗುವಾಗ ನನ್ನ ತಲೆಯ ಮೇಲೆ ಕೈಯಿಟ್ಟಳು.

"ಇಷ್ಟ ಮಂದ್ಯಾಗ ನೀ ಒಬ್ಬಾವs ನನಗ ಏನರ ಕಲಿಸಿದಿ. ಚಲೋ ಇರು."

ಅವಳ ಜಾಗಕ್ಕೆ ಒಬ್ಬ ಅರಿವೆ ವ್ಯಾಪಾರಿ ಬಂದರು. ಅವರಿಗೆ ಇಪ್ಪತ್ತೆರಡು ನಿಯಮಗಳನ್ನೂ ಓದಿದೆ, ಒಂದನ್ನೂ ಬಿಡಲಿಲ್ಲ. ಅವರು ಒಂದು ಚೀಟಿ ಬರೆದುಕೊಟ್ಟರು: ತಮ್ಮ ತಂದೆಯ ಹೆಸರಿನಲ್ಲಿ ಮುಂದಿನ ಗೋಡೆಗೊಂದು ಗಡಿಯಾರ. ಮೊದಲ ಸಭೆಯಲ್ಲೇ ಠರಾವಾಯಿತು. ಚಹಾ ಆರುವಷ್ಟರಲ್ಲಿ ಮುಗಿದುಹೋಯಿತು. ಎಷ್ಟು ಸುಲಭವಿತ್ತು ಎಂದು ನನಗೆ ಅವತ್ತು ಗೊತ್ತಾಯಿತು. ಆದರೂ ಇನ್ನೂ ಒಂಬತ್ತು ವರ್ಷ ಆ ಕೋಣೆಯಲ್ಲೇ ಇದ್ದೆ.

ಮೂರು ವರ್ಷದ ಹಿಂದೆ ಸ್ವಂತ ಮನೆ ಕಟ್ಟಿಸಿ ಕೋಣೆ ಬಿಟ್ಟೆ. ಎರಡು ವರ್ಷ ಅದರಲ್ಲಿ ಮುರಿದ ಮಂಚಗಳನ್ನು ಪೇರಿಸಿಟ್ಟಿದ್ದರು. ಹೋದ ವರ್ಷ ಒಬ್ಬ ಹೊಸ ಮೆಂಬರರಿಗೆ ತಿಳಿಹೇಳುವಾಗ, ದೂರದಿಂದ ಬರುವ ಬಸುರಿಯರಿಗೆ ಈ ಕೋಣೆ ಆದೀತಲ್ಲ ಎಂದೆ. ಅವರು ಬರೆದು ಕೊಟ್ಟರು, ಠರಾವಾಯಿತು. ಬಾಗಿಲಿಗೆ ತೋರಣ ಕಟ್ಟಿ ತೆಂಗಿನಕಾಯಿ ಒಡೆದರು. "ಇದು ನಮ್ಮ ಗುರುಪಾದನ ವಿಚಾರ," ಎಂದು ಚೇರಮನ್ನರು ನನ್ನ ಕೊರಳಿಗೆ ಹಾರ ಹಾಕಿದರು. ನಾನು ಹಾರ ಹಾಕಿಸಿಕೊಂಡೆ — ತಲೆ ಬಗ್ಗಿಸಿ, ಬಲು ವಿನಯದಿಂದ. ಮನೆಗೆ ಬಂದಾಗ ಶಾಂತಾ ಹಾರ ನೋಡಿದಳು, ನನ್ನ ಮುಖ ನೋಡಿದಳು, ಒಳಗೆ ಹೋದಳು. ಆ ವಾರವೇ ದರಿಬಡಚಿಗೆ ಹೋದೆ.

ಮಾಳವ್ವ ಅಂಗಳದಲ್ಲಿ ಕೂತು ಕದಿರಿನಿಂದ ಉಣ್ಣೆ ನೂಲುತ್ತಿದ್ದಳು. ಹಲ್ಲು ಉದುರಿದ್ದವು, ಆದರೂ ನನ್ನ ಗುರುತು ಹಿಡಿದಳು. "ಬಾ ತಮ್ಮಾ, ಕುಂದರು," ಎಂದಳು. ಕೂಡಲಿಲ್ಲ. ನಿಂತೇ ಎಲ್ಲ ಹೇಳಿದೆ: ಹನ್ನೊಂದನೆಯ ನಿಯಮ, ತಿರುವಿದ ಹಾಳೆ, ಕಟ್ಟೆಯ ಹತ್ತಿರ ಆಡಿದ ಸುಳ್ಳು, ಕಿಟಕಿ. ಕದಿರು ತಿರುಗುತ್ತಿದ್ದುದು ನಿಂತಿತು. ಬಯ್ಯಲಿ, ಮಣ್ಣು ತೂರಲಿ ಎಂದು ಕಾದೆ. ಬೈಗುಳ ತಿಂದು ಹಗುರಾಗಿ ಬರಬಹುದೆಂಬ ಆಸೆಯೂ ಇತ್ತು.

ಅವಳು ಕದಿರನ್ನು ನೆಲಕ್ಕಿಟ್ಟಳು. ಆಮೇಲೆ, ನನಗಲ್ಲ, ತನಗೇ ಎಂಬಂತೆ ಹೇಳಿದಳು:

"ಅಂದ್ರ... ನನಗ ಮಾತಾಡಾಕ ಬರ್ತಿತ್ತಲ್ಲಾ."

ಕದಿರಿನ ಎಳೆಯನ್ನು ಬೆರಳಿಗೆ ಸುತ್ತಿಕೊಂಡಳು.

"ಹನ್ನೆರಡ ವರ್ಷಾತು ಗುರುಪಾದ. ನಾಕ ಮಂದಿ ಕುಂತಲ್ಲಿ ನಾ ಬಾಯಿ ತಗದಿಲ್ಲ. ಪಂಚರು ಕೂಡಿದ್ರ ಎದ್ದು ಒಳಗ ಹೋಗ್ತಿದ್ನಿ. ಮಗನ ಮದವಿ ಮಾತಾಡೂ ಮುಂದ ಸೈತ — ನನಗ ತಿಳ್ಯಾಂಗಿಲ್ಲ, ನೀವs ನೋಡ್ರಿ ಅಂದಿನಿ."

ಅಷ್ಟೇ. ಮೊದಲ ಸಲ ನನ್ನನ್ನು 'ತಮ್ಮಾ' ಎನ್ನದೆ ಹೆಸರು ಹಿಡಿದು ಕರೆದಿದ್ದಳು. ಕ್ಷಮಿಸಿದೆ ಎನ್ನಲಿಲ್ಲ, ನಾನೂ ಕೇಳಲಿಲ್ಲ. ನಾನು ಹೊರಡಲು ತಿರುಗಿದಾಗ ಹಿಂದಿನಿಂದ ಕೇಳಿದಳು:

"ನಿಂಗವ್ವಗ ಹೇಳಿದಿ?"

ಇಲ್ಲವೆಂದೆ.

"ಆಕಿ ಈಗ ಬಾಲಗಾಂವದಾಗ ಅದಾಳ. ಗಂಡ ಅಲ್ಲೇ ಹೊಲಾ ಮಾಡ್ಯಾನ. ತಾನು ಬಂಡಿ ಹೂಡಸಬಾರದಿತ್ತು, ಗಿಡದ ಬುಡಕ್ಕs ಇರಬೇಕಾಗಿತ್ತು, ಮಳಿಗೆ ಹೆದರಿ ಕೂಸಿನ ಕಳಕೊಂಡೆ ಅಂತಾಳ. ಇವತ್ತಿಗೂ ಹಂಗs ಅಂತಾಳ. ಹೋಗಿ ಹೇಳು."

ಎಂಟು ತಿಂಗಳಾಯಿತು. ಹೋಗಿಲ್ಲ. ಒಂದು ಸಲ ಸ್ಟ್ಯಾಂಡಿನವರೆಗೆ ಹೋಗಿ, ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟು ಹಿಂದೆ ಬಂದೆ. ಹೀಗೆ ಬರೆಯುತ್ತ ಕೂತದ್ದೂ ಹೋಗದೆ ಇರುವುದಕ್ಕೆ ಒಂದು ಉಪಾಯವೇ ಎಂದು ಈಗ ಬರೆಯುತ್ತಿದ್ದಂತೆ ಅನ್ನಿಸುತ್ತಿದೆ. ಮಾಳವ್ವನಿಗೆ ಹೇಳುವುದು ಇಷ್ಟು ಕಷ್ಟವಿರಲಿಲ್ಲ. ನಿಂಗವ್ವನ ಮುಂದೆ ಏನೆಂದು ಶುರುಮಾಡಬೇಕು — ನೀನು ಮಳೆಗೆ ಹೆದರಿದ್ದು ತಪ್ಪಲ್ಲವ್ವಾ, ಬಾಗಿಲು ಇತ್ತು, ಒಳಗೆ ನಾನಿದ್ದೆ, ಊಟ ಮಾಡುತ್ತಿದ್ದೆ ಎಂದೇ?

ಹೌದು, ಹಾಗೆಂದೇ ಹೇಳಬೇಕು. ಬಾಲಗಾಂವದ ಬಸ್ಸು ನಾಳೆ ಬೆಳಿಗ್ಗೆ ಒಂಬತ್ತಕ್ಕಿದೆ. ಶಾಂತಾ, ತಾನೂ ಬರುತ್ತೇನೆ ಎಂದಿದ್ದಾಳೆ. ಬೇಡವೆಂದೆ. ಅವತ್ತು ಕರೆಯಿರಿ ಎಂದವಳು ಅವಳು, ಕರೆಯದವನು ನಾನು.