ಕಾಲರ್ ಅಕ್ಕನ ತೂಗುಹಕ್ಕಿಗಳು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲೂ ಹೇಳುತ್ತಾರೆ, ಕಾರ್ಖಾನೆಯಲ್ಲೂ ಹೇಳುತ್ತಾರೆ. ಹೇಳಲಿ. ಕಾಲರ್ ಅಕ್ಕನ ಕಥೆ ಕೇಳಿದ ಮೇಲೂ ನಿಮಗೆ ಕೋಪ ಬರದಿದ್ದರೆ, ನಿಮಗೆ ಮೂಗು ಇದೆಯೋ ಇಲ್ಲವೋ ಒಮ್ಮೆ ಮುಟ್ಟಿ ನೋಡಿಕೊಳ್ಳಿ.

ನಮ್ಮದು ಅಂಗಿ ಹೊಲಿಯುವ ಕಾರ್ಖಾನೆ. ನಾನು ತೋಳಿಗೆ ಪಟ್ಟಿ ಕೂರಿಸುತ್ತೇನೆ, ಪಕ್ಕದ ಮೆಷಿನ್ನಿನಲ್ಲಿ ಅಕ್ಕ ಕಾಲರ್ ಹೊಲಿಯುತ್ತಾಳೆ. ಮದುವೆಗೆ ಮುಂಚಿನಿಂದಲೂ ಅದೇ ಕೆಲಸ, ಹಾಗಾಗಿ ಅದೇ ಹೆಸರು. ಬಾಯಲ್ಲಿ ಬೆರಳಿಟ್ಟರೂ ಕಚ್ಚಲು ಬಾರದ ಹೆಂಗಸು. ಗಂಡ ಲಾರಿ ಓಡಿಸುತ್ತಾನೆ, ಮನೆಯಲ್ಲಿ ಇರುವುದೇ ಅಪರೂಪ. ಬಹಳ ವರ್ಷ ಕಾದ ಮೇಲೆ ಹುಟ್ಟಿದ ಮಗಳು ಪುಟ್ಟಿಯನ್ನು ನೋಡಿಕೊಳ್ಳುವವರು ಇಲ್ಲದೆ, ಅಕ್ಕ ಅವಳನ್ನು ಕಾರ್ಖಾನೆಯ ಮಕ್ಕಳ ಕೋಣೆಗೆ ಕರೆತರುತ್ತಿದ್ದಳು.

ಮಕ್ಕಳ ಕೋಣೆಯಂತೆ! ಇಸ್ತ್ರಿ ವಿಭಾಗದ ಪಕ್ಕದ ಗೂಡು ಅದು. ಗೋಡೆಯ ಆಚೆಯಿಂದ ಹಬೆಯ ಕಾವು, ಈಚೆಗೆ ಸೂರು ಮುಟ್ಟುವಂತೆ ಪೇರಿಸಿದ ರಟ್ಟಿನ ಪೆಟ್ಟಿಗೆಗಳು, ನಡುವೆ ಇರುಕಿಸಿದ ತೊಟ್ಟಿಲುಗಳು. ಕಿಟಕಿ ಇಲ್ಲ. ಗರಗರ ಎನ್ನುವ ಒಂದು ಫ್ಯಾನು, ಒಂದು ಟ್ಯೂಬ್‌ಲೈಟು. ಅಂಗಾತ ಮಲಗಿದ ಕೂಸು ಕಣ್ಣು ಬಿಟ್ಟರೆ ಕಾಣುವುದು ಆ ದೀಪ ಮಾತ್ರ. ಪುಟ್ಟಿ ಗಂಟಲು ಕಟ್ಟುವ ತನಕ ಅಳುತ್ತಿದ್ದಳು. ಆಯಾ ಬಂದು ಕರೆಯುವಳು, ಅಕ್ಕ ಮೆಷಿನ್ ಬಿಟ್ಟು ಓಡುವಳು, ಕಾಲರ್ ಇಲ್ಲದೆ ನಮ್ಮ ಸಾಲು ಪೂರ್ತಿ ನಿಲ್ಲುವುದು. ಕೊನೆಗೆ ಒಂದು ದಿನ ಸೂಪರ್‌ವೈಸರ್ ಎಲ್ಲರೆದುರೇ ಅಂದುಬಿಟ್ಟ:

"ನೋಡಮ್ಮ, ಇನ್ನೊಂದ್ ಸಲ ಎದ್ದು ಹೋದ್ರೆ ವಾಪಸ್ ಬರೋದೇ ಬೇಡ. ಹಾಗೇ ಗೇಟ್ ದಾಟ್ಕೊಂಡು ಹೋಗ್ಬಿಡು."

ನನ್ನ ಮೈಯೆಲ್ಲ ಉರಿದುಹೋಯಿತು. "ಅವನಿಗೆ ತಿರುಗಿಸಿ ನಾಲ್ಕು ಮಾತು ಅನ್ನಕ್ಕ" ಎಂದೆ.

"ಅಂದ್ರೆ ಪುಟ್ಟಿ ಅಳು ನಿಲ್ಲುತ್ತಾ? ಅವಳಿಗೆ ನೋಡೋಕೆ ಏನಾದ್ರೂ ಬೇಕು ಕಣೇ" ಎಂದಳು.

ಊಟದ ಬಿಡುವಿನಲ್ಲೇ ಶುರು ಮಾಡಿದಳು. ಕಸದ ಚೀಲದಿಂದ ಕೆಟ್ಟ ಕಾಲರ್‌ಗಳನ್ನು ಹೆಕ್ಕಿದೆವು. ಕೆಂಪು, ಹಳದಿ, ಗೀಟಿನವು. ಕಾಲರನ್ನು ಚಪ್ಪಟೆಯಾಗಿ ಹರಡಿದರೆ ಎರಡು ತುದಿ ಎರಡು ರೆಕ್ಕೆ, ನಡುವೆ ಚಿಂದಿ ತುಂಬಿದ ಪುಟ್ಟ ತಲೆ ಹೊಲಿದರೆ ಹಕ್ಕಿ. ಕಣ್ಣಿಗೆ ಗುಂಡಿ ಇಡೋಣವೆಂದೆ. "ತಲೆ ನೆಟ್ಟಗಿದೆಯಾ ನಿಂಗೆ? ಕಿತ್ತು ಬಿದ್ರೆ ಮಗು ಬಾಯಿಗೆ ಹೋಗುತ್ತೆ" ಎಂದು ಗದರಿ, ಕಪ್ಪು ದಾರದಲ್ಲೇ ಕಣ್ಣು ಹಾಕಿದಳು. ಹ್ಯಾಂಗರಿನ ತಂತಿ ನೆಟ್ಟಗೆ ಮಾಡಿ ಅಡ್ಡಡ್ಡ ಕಟ್ಟಿ, ಹಕ್ಕಿಗಳನ್ನು ಇಳಿಬಿಟ್ಟಳು.

ತೊಟ್ಟಿಲ ಮೇಲೆ ತೂಗುಹಾಕಿದೆವು. ಹಕ್ಕಿಗಳು ಮಿಸುಕಲಿಲ್ಲ. ಫ್ಯಾನು ಜೋರು ಮಾಡಿದರೂ ಸುಮ್ಮನೆ ಜೋತುಬಿದ್ದಿದ್ದವು. ಪುಟ್ಟಿ ಒಮ್ಮೆ ನೋಡಿ ಮತ್ತೆ ರಾಗ ತೆಗೆದಳು. ತಲೆ ಕೆರೆದು ಕೆರೆದು ಸಾಕಾದ ಮೇಲೆ ನಮಗೆ ಕಾರಣ ಹೊಳೆಯಿತು. ಎರಡು ತುದಿ ಸಮ ಇರಬೇಕು ಎಂದು ವರ್ಷಗಟ್ಟಲೆ ಬೈಸಿಕೊಂಡು ಪಳಗಿದ ಕೈ, ಹಕ್ಕಿಯ ರೆಕ್ಕೆಗಳನ್ನೂ ಅಷ್ಟೇ ಸಮವಾಗಿ ಹೊಲಿದಿತ್ತು. ಹಕ್ಕಿ ಒಂದು ಕಡೆ ವಾಲಿದರೆ ತಾನೇ ಗಾಳಿ ಹಿಡಿದು ತಿರುಗುವುದು? ಒಂದು ರೆಕ್ಕೆ ಗಿಡ್ಡ ಮಾಡಬೇಕಿತ್ತು. ಅಕ್ಕ ಕತ್ತರಿ ಎತ್ತಿಕೊಂಡಳು, ಕೈ ಮುಂದೆ ಹೋಗಲಿಲ್ಲ.

"ನೀನೇ ಕತ್ತರಿಸೇ. ನನ್ನ ಕೈಲಿ ಆಗಲ್ಲ."

"ಅಯ್ಯೋ ನಿನ್ನ! ಹೆತ್ತ ಮಗಳಿಗೋಸ್ಕರ ಒಂದು ಕಾಲರ್ ಕೆಡಿಸೋಕಾಗಲ್ವಾ?" ಎಂದು ರೇಗಿದೆ.

ಮುಖ ಆ ಕಡೆ ತಿರುಗಿಸಿಕೊಂಡು ಕತ್ತರಿಸಿದಳು. ಹಕ್ಕಿಗಳು ವಾಲಿದವು, ತಿರುಗಿದವು. ಅಳಲೆಂದು ಬಾಯಿ ತೆರೆದಿದ್ದ ಪುಟ್ಟಿ ಅಳುವುದನ್ನೇ ಮರೆತಳು. ಆಮೇಲೆ ಆಯಾ ನಮ್ಮ ಸಾಲಿನ ಕಡೆ ತಲೆ ಹಾಕಲಿಲ್ಲ. ಸೂಪರ್‌ವೈಸರ್ ಅಕ್ಕನನ್ನು ಬೈಯಲು ನೆಪ ಸಿಗದೆ ನಮ್ಮ ಮೇಲೆ ಹಾರಾಡುತ್ತಿದ್ದ, ಅದು ಬೇರೆ ಮಾತು.

ಅಷ್ಟರಲ್ಲಿ ನಮ್ಮ ಅಂಗಿಗಳನ್ನು ಕೊಳ್ಳುವ ದೊಡ್ಡ ಕಂಪನಿಯವರು ಬರುತ್ತಾರೆಂದು ಸುದ್ದಿಯಾಯಿತು. ಮ್ಯಾನೇಜರ್ ಎಲ್ಲ ಕಡೆ ಇಣುಕಿ ನೋಡುತ್ತಾ ಬಂದವನು ಹಕ್ಕಿಗಳನ್ನು ಕಂಡ. "ಚೆನ್ನಾಗಿದೆಯಲ್ಲ! ಮುಂದಿನ ಹಾಲ್‌ನಲ್ಲಿ ಹಾಕಿ" ಎಂದ. ಕೂಸುಗಳು ನೋಡುತ್ತಿದ್ದಂತೆಯೇ ಬಿಚ್ಚಿಕೊಂಡು ಹೋದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು! ಸಾಲದ್ದಕ್ಕೆ ಹೊಲಿಗೆಯ ತಪ್ಪು ಹುಡುಕುವ ಚೆಕಿಂಗ್ ಮೇಡಂ, ರೆಕ್ಕೆ ಸಮ ಇಲ್ಲವೆಂದು ಉದ್ದದ ರೆಕ್ಕೆಗಳನ್ನೂ ಕತ್ತರಿಸಿ 'ಸರಿ' ಮಾಡಿಸಿದಳು. ಅವಳ ಕೈಗೆ ಕೊಟ್ಟರೆ ಬೆಳೆಯುವ ಮಕ್ಕಳನ್ನೂ ಕತ್ತರಿಸಿ ಸಮ ಮಾಡಿಯಾಳು.

ಮರುದಿನ ಅತಿಥಿಗಳು ಬಂದರು. ಪುಟ್ಟಿಯ ಅಳುವೂ ಬಂತು, ಹಿಂದೆಯೇ ಆಯಾ ಬಂದಳು. ಸೂಪರ್‌ವೈಸರ್ ಸೊಂಟದ ಮೇಲೆ ಕೈಯಿಟ್ಟು ಅಕ್ಕನನ್ನೇ ನೋಡುತ್ತಾ ನಿಂತ. ಅಕ್ಕ ಹೊಲಿಯುತ್ತಿದ್ದ ಕಾಲರನ್ನು ಮುಗಿಸಿ ಎದ್ದಳು. ಮಕ್ಕಳ ಕೋಣೆಗೆ ಹೋಗಿ ಮಗುವನ್ನು ಎತ್ತಿಕೊಂಡಳು. ಗೇಟಿನ ಕಡೆ ಹೋಗಲಿಲ್ಲ, ಸೀದಾ ಮುಂದಿನ ಹಾಲಿಗೆ ನಡೆದಳು. ಕೆಲಸ ಹೋದರೆ ಹೋಗಲಿ, ಹಾಳಾಗಿ ಹೋಗಲಿ ಎಂದು ನಾನೂ ಹಿಂದೆಯೇ ಹೋದೆ.

ಅತಿಥಿಗಳು ಚಹಾ ಕುಡಿಯುತ್ತಿದ್ದರು. ಹಕ್ಕಿಗಳ ಕೆಳಗಿದ್ದ ಸೋಫಾದ ಮೇಲೆ ಅಕ್ಕ ಪುಟ್ಟಿಯನ್ನು ಮಲಗಿಸಿದಳು. ರೆಕ್ಕೆ ಸಮವಾದ ಹಕ್ಕಿಗಳು ತಿರುಗಲಿಲ್ಲ, ಪುಟ್ಟಿಯ ಅಳುವೂ ನಿಲ್ಲಲಿಲ್ಲ.

"ಏನಿದು? ಯಾರು ಒಳಗೆ ಬಿಟ್ಟಿದ್ದು?" ಮ್ಯಾನೇಜರ್ ಹಲ್ಲು ಕಡಿದ.

"ಇವು ಇವಳ ಹಕ್ಕಿ ಸಾರ್. ಇವು ಇಲ್ಲಿದ್ರೆ ಇವಳೂ ಇಲ್ಲೇ ಇರ್ತಾಳೆ" ಎಂದಳು ಅಕ್ಕ.

ಅತಿಥಿಗಳಲ್ಲಿ ಒಬ್ಬ ಹೆಂಗಸು "ಎಷ್ಟು ಮುದ್ದಾಗಿದೆ!" ಎನ್ನುತ್ತಾ ಫೋಟೋ ತೆಗೆಯಲು ಫೋನು ಎತ್ತಿದಳು. ತಕ್ಷಣ ಮ್ಯಾನೇಜರನ ಬಣ್ಣ ಬದಲಾಯಿತು. ಅಳುತ್ತಿದ್ದ ಮಗುವಿನ ತಲೆ ಮೇಲೆ ಕೈಯಿಟ್ಟು ಹಲ್ಲು ಕಿರಿದ. "ನಮ್ಮಲ್ಲಿ ಮಕ್ಕಳನ್ನ ಹೀಗೇ ನೋಡ್ಕೋತೀವಿ ಮೇಡಂ."

ನಾನು ಬಾಯಿ ತೆರೆದೆ. ನನಗಿಂತ ಮೊದಲು ಅಕ್ಕನ ದನಿ ಕೇಳಿತು. ಅಷ್ಟು ದೊಡ್ಡ ದನಿ ಅವಳಲ್ಲಿ ಇತ್ತೆಂದು ನನಗೇ ಗೊತ್ತಿರಲಿಲ್ಲ.

"ಬನ್ನಿ ಮೇಡಂ, ಹೇಗೆ ನೋಡ್ಕೋತಾರೆ ಅಂತ ಆ ಕೋಣೆಗೇ ಬಂದು ನೋಡಿ."

ಚಹಾದ ಮೇಜಿನ ಮೇಲೆ ಹತ್ತಿ ಹಕ್ಕಿಗಳನ್ನು ಬಿಚ್ಚಿ ಮ್ಯಾನೇಜರನ ಕೈಗೇ ಕೊಟ್ಟಳು. "ಹುಷಾರು ಸಾರ್, ದಾರ ಸಿಕ್ಕಾಗುತ್ತೆ." ಅಷ್ಟು ಜನರ ಮುಂದೆ ಅವನಿಗೆ ಬೇಡವೆನ್ನಲು ಆಗುತ್ತದೆಯೇ? ಹಿಡಿದುಕೊಂಡು ಬಂದ. ಪುಟ್ಟಿಯನ್ನು ನಾನು ಎತ್ತಿಕೊಂಡೆ.

ಕೋಣೆಯ ಬಾಗಿಲಲ್ಲೇ ಅತಿಥಿಗಳು ನಿಂತುಬಿಟ್ಟರು. ಒಬ್ಬೊಬ್ಬರಾಗಿ ಮುಖ ಒರೆಸಿಕೊಂಡರು. ಯಾರೂ ಫೋಟೋ ತೆಗೆಯಲಿಲ್ಲ. ಅಕ್ಕ ಸ್ಟೂಲು ಎಳೆದಳು.

"ನೀವು ಎತ್ತರ ಇದೀರಿ ಸಾರ್. ನೀವೇ ಹತ್ತಿ, ಮೇಲೆ ಹಿಡ್ಕೊಳ್ಳಿ."

ಮ್ಯಾನೇಜರ್ ಅತಿಥಿಗಳನ್ನು ನೋಡಿದ, ಹತ್ತಿದ. ತಂತಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ. ಅಕ್ಕ ಕೊರಳಲ್ಲಿ ನೇತುಹಾಕಿಕೊಂಡಿದ್ದ ದಾರ ಕತ್ತರಿಸುವ ಕತ್ತರಿ ತೆಗೆದು, ಮೊದಲ ಹಕ್ಕಿಯ ಒಂದು ರೆಕ್ಕೆಯನ್ನು ನಿಧಾನವಾಗಿ ಗಿಡ್ಡ ಮಾಡಿದಳು. ಆಮೇಲೆ ಎರಡನೆಯದು. ಗೋಡೆಯಾಚೆ ಹಬೆ ಬುಸ್ಸೆಂದಿತು. ಅವನ ಬೆವರು ಕೊರಳಿಂದ ಅಂಗಿಗೆ ಇಳಿಯಿತು, ತೋಳುಗಳು ನಡುಗಿದವು.

"ಕೈ ಇಳಿಸ್ಬೇಡಿ ಸಾರ್. ಇನ್ನೂ ಇವೆ" ಎಂದಳು ಅಕ್ಕ.

ಪುಟ್ಟಿ ನನ್ನ ಹೆಗಲ ಮೇಲೆ ಕಿರುಚಿ ಅಳುತ್ತಲೇ ಇದ್ದಳು. ನಾನು ಸಮಾಧಾನ ಮಾಡಲು ಹೋಗಲಿಲ್ಲ. ಅವನ ಕಿವಿಗೆ ಇನ್ನೂ ಹತ್ತಿರವಾಗಲಿ ಎಂದು ಒಂದು ಹೆಜ್ಜೆ ಮುಂದೆ ಹೋಗಿ ನಿಂತೆ.